2015ರ ರಿಯಾಕ್ಟ್ ಸೈಟ್: ಸರ್ವರ್ ಒಂದು ತಾರೀಖು ಬರೆಯುತ್ತೆ, ಬ್ರೌಸರ್ ಇನ್ನೊಂದು

ಕುಂದವಾಡ ಕೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ನನ್ನದು. ಒಟ್ಟು ನಾಲ್ಕೇ ಜನ. ಹೋದ ತಿಂಗಳು ಒಂದು ಹಳೇ ಸೈಟ್ ನನ್ನ ಕೊರಳಿಗೆ ಬಿತ್ತು. ಮೆಕ್ಕೆಜೋಳ, ಭತ್ತ, ಶೇಂಗಾ, ಹತ್ತಿ ಧಾರಣೆ ತೋರಿಸುವ ಸೈಟ್. ಬರೆದವರು ಯಾರೋ, ಈಗ ಎಲ್ಲಿದ್ದಾರೋ. ಫೋಲ್ಡರ್ ತೆಗೆದರೆ ಪುಟ ಕಟ್ಟಲು ರಿಯಾಕ್ಟ್ 0.14, ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸಲು ನೋಡ್ 4, ಅದರ ಮೇಲೆ ವೆಬ್ ಸರ್ವರ್ ಬರೆಯಲು ಎಕ್ಸ್‌ಪ್ರೆಸ್. ನಾನು ಕಲಿತದ್ದೇ ರಿಯಾಕ್ಟ್ ಮೇಲೆ ಕಟ್ಟಿದ ಹೊಸ ಕಾಲದ ನೆಕ್ಸ್ಟ್‌ನಿಂದ. ಇದನ್ನು ನೋಡಿ ಅಜ್ಜನ ಟ್ರಂಕ್ ತೆಗೆದ ಹಾಗಾಯಿತು.

ಪುಟದ ಒಳಗಿನ ಎಚ್‌ಟಿಎಮ್‌ಎಲ್ ನೋಡಲು ವ್ಯೂ ಸೋರ್ಸ್ ಕೊಟ್ಟರೆ ಪ್ರತಿ ಟ್ಯಾಗ್‌ಗೂ ಡೇಟಾ-ರಿಯಾಕ್ಟ್‌ಐಡಿ ಅಂತ ಒಂದು ಬಾಲ. ಎಲ್ಲಕ್ಕಿಂತ ಹೊರಗಿನ ಟ್ಯಾಗ್‌ನಲ್ಲಿ ಮಾತ್ರ ಡೇಟಾ-ರಿಯಾಕ್ಟ್-ಚೆಕ್‌ಸಮ್ ಅಂತ ಒಂದು ಉದ್ದನೆಯ ಅಂಕಿ ಇದೆ. ಇದು ಏನು, ಯಾಕೆ?

ಎರಡನೇದು ನಿಜವಾದ ತಲೆನೋವು. ಪುಟ ತೆರೆದಾಗ ಮೇಲಿನ ತಾರೀಖಿನಲ್ಲಿ ತಿಂಗಳ ಹೆಸರು ಮೊದಲು ಇಂಗ್ಲಿಷ್ ಅಕ್ಷರದಲ್ಲಿ ಬರುತ್ತೆ. ಆಮೇಲೆ ಇಡೀ ಪುಟ ಒಮ್ಮೆ ಕಣ್ಣು ಮಿಟುಕಿಸಿದ ಹಾಗೆ ಆಗಿ ಕನ್ನಡಕ್ಕೆ ತಿರುಗುತ್ತೆ. ಬೆಳಗಿನ ಜಾವ ಐದಕ್ಕೆ ನೋಡಿದರೆ ಇನ್ನೂ ವಿಚಿತ್ರ. ಮೊದಲು ನಿನ್ನೆಯ ತಾರೀಖು, ಆಮೇಲೆ ಇವತ್ತಿನದು. ಲೋಡ್ ತರುವ ರೈತರು ಏಳುವುದೇ ಆ ಹೊತ್ತಿಗೆ. ಫೋನ್ ಮಾಡಿ "ನಿನ್ನೆ ರೇಟ್ ಹಾಕಿ ಇವತ್ತಿಂದು ಅಂತೀರಾ" ಅಂತ ಬೈಯುತ್ತಾರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದಾಗ ಕನ್ಸೋಲ್‌ನಲ್ಲಿ ಚೆಕ್‌ಸಮ್ ಸರಿ ಇಲ್ಲ ಅಂತ ಒಂದು ಎಚ್ಚರಿಕೆ ಬರುತ್ತೆ. ಲೈವ್ ಸೈಟ್‌ನಲ್ಲಿ ಅದೂ ಇಲ್ಲ.

ನಮ್ಮ ಸರ್ ಅನ್ನುತ್ತಾರೆ, "ಸರ್ವರ್‌ನಲ್ಲಿ ಬರೆಯುವ ಆ ಕೆಲಸವನ್ನೇ ಕಿತ್ತು ಹಾಕಿ, ಖಾಲಿ ಡಿವ್ ಟ್ಯಾಗ್ ಕಳಿಸಿ, ಉಳಿದದ್ದು ಬ್ರೌಸರ್ ನೋಡ್ಕೊಳ್ಳುತ್ತೆ, ಈಗ ಎಲ್ಲರ ಹತ್ರನೂ 5ಜಿ ಇದೆ" ಅಂತ. ಹಾಗೆ ಮಾಡಲಾ? ಆ ಕಾಲದಲ್ಲಿ ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಎಂಸಿಸಿ ಬಿ ಬ್ಲಾಕ್

ಅಕ್ಕ, ಸುಮ್ನೆ ಎಲ್ಲ ನೆಕ್ಸ್ಟ್‌ಗೆ ಹೊಸದಾಗಿ ಬರೆದುಬಿಡಿ. ವಾರದ ಕೆಲಸ. 0.14 ಅಂದರೆ ಮ್ಯೂಸಿಯಂ.

ಗಡಿಯಾರ ಕಂಬ

ವಾರದ ಕೆಲಸ ಅಂತ ಹೇಳಿದವರು ಆ ವಾರ ಯಾವಾಗ ಮುಗಿಯುತ್ತೆ ಅಂತ ಹೇಳಲ್ಲ. ಮೇಡಂ, ಸದ್ಯಕ್ಕೆ ಏನನ್ನೂ ಕೀಳಬೇಡಿ. ಹೊಸದಾಗಿಯೂ ಬರೆಯಬೇಡಿ. ನಿಮ್ಮದು ಒಂದು ಮಧ್ಯಾಹ್ನದ ರಿಪೇರಿ.

ನಾನು 2013ರಿಂದ ನಾಲ್ಕು ವರ್ಷ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಿದವನು. ಈಗ ಮಂಡಿಪೇಟೆಯಲ್ಲಿ ಅಪ್ಪನ ಅಂಗಡಿ ನೋಡಿಕೊಂಡು, ರಾತ್ರಿ ಹೊತ್ತು ಕೋಡ್ ಬರೆಯುತ್ತೇನೆ. ಹಾಗಾಗಿ ನಿಮ್ಮ ಸೈಟೂ ಗೊತ್ತು, ಬೈಯುವ ರೈತರೂ ಗೊತ್ತು.

ಮೊದಲು ಚೆಕ್‌ಸಮ್. ರೈತ ಯಾರ್ಡ್‌ನ ವೇಬ್ರಿಜ್‌ನಲ್ಲಿ ಲಾರಿ ತೂಗಿಸಿ ಚೀಟಿ ತರುತ್ತಾನೆ. ಮಿಲ್‌ನವನು ಆ ಚೀಟಿ ನಂಬಲ್ಲ, ಇನ್ನೊಮ್ಮೆ ತೂಗುತ್ತಾನೆ. ಎರಡೂ ಒಂದೇ ಬಂದರೆ ಮಾಲು ಇಳಿಸಿಕೊಳ್ಳುತ್ತಾನೆ. ನಿಮ್ಮ ಪುಟದಲ್ಲಿ ಆಗುತ್ತಿರುವುದು ಇದೇ. ಸರ್ವರ್‌ನಲ್ಲಿ ರಿಯಾಕ್ಟ್ ನಿಮ್ಮ ಕಾಂಪೊನೆಂಟ್‌ಗಳನ್ನು, ಅಂದರೆ ಪುಟದ ಒಂದೊಂದು ತುಂಡು ಬರೆಯುವ ಕೋಡ್ ಅನ್ನು, ಓಡಿಸಿ ಇಡೀ ಎಚ್‌ಟಿಎಮ್‌ಎಲ್ ಅನ್ನು ಒಂದು ಉದ್ದನೆಯ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಮಾಡುತ್ತೆ. ಆ ಸ್ಟ್ರಿಂಗ್ ಮೇಲೆ ಅಡ್ಲರ್-32 ಅನ್ನುವ ಲೆಕ್ಕ ಹಾಕಿ, ಬಂದ ಅಂಕಿಯನ್ನು ಹೊರಗಿನ ಟ್ಯಾಗ್‌ಗೆ ಅಂಟಿಸುತ್ತೆ. ಅದೇ ತೂಕದ ಚೀಟಿ. ಬ್ರೌಸರ್‌ಗೆ ಬಂದ ಮೇಲೆ ಅಲ್ಲಿನ ರಿಯಾಕ್ಟ್ ಅದೇ ಕಾಂಪೊನೆಂಟ್‌ಗಳನ್ನು ಮೆಮರಿಯಲ್ಲೇ ಮತ್ತೆ ಓಡಿಸಿ, ತಾನೂ ಲೆಕ್ಕ ಹಾಕುತ್ತೆ. ತಾಳೆ ಆದರೆ ಇರುವ ಪುಟವನ್ನು ಹಾಗೇ ಬಿಟ್ಟು, ಕ್ಲಿಕ್ ಕೇಳಿಸಿಕೊಳ್ಳುವ ವ್ಯವಸ್ಥೆ ಮಾತ್ರ ಮಾಡಿಕೊಳ್ಳುತ್ತೆ. ತಾಳೆ ಆಗದಿದ್ದರೆ ಇಡೀ ಲೋಡ್ ವಾಪಸ್. ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ಸಾಕು, ಸರ್ವರ್ ಬರೆದದ್ದನ್ನೆಲ್ಲ ಎಸೆದು ಮೊದಲಿಂದ ಬರೆಯುತ್ತೆ. ನೀವು ನೋಡಿದ ಕಣ್ಣು ಮಿಟುಕು ಅದೇ. ಪ್ರೊಡಕ್ಷನ್‌ನಲ್ಲಿ, ಅಂದರೆ ಲೈವ್ ಸೈಟ್‌ನಲ್ಲಿ, ಎಚ್ಚರಿಕೆಯನ್ನೂ ಕೊಡಲ್ಲ, ಬಾಯಿ ಮುಚ್ಚಿಕೊಂಡು ಎರಡು ಸಲ ಕೆಲಸ ಮಾಡುತ್ತೆ.

ಉಳಿದ ಟ್ಯಾಗ್‌ಗಳ ಮೇಲಿರುವ ಐಡಿ ಅಂದರೆ ಮರದಲ್ಲಿ ಆ ಟ್ಯಾಗ್ ಯಾವ ಕೊಂಬೆಯಲ್ಲಿದೆ ಅನ್ನುವ ವಿಳಾಸ, ಅಷ್ಟೇ.

ಇನ್ನು ನಿಮ್ಮ ತಾರೀಖು. ಅಲ್ಲಿ ಎರಡು ರೋಗ ಒಟ್ಟಿಗೆ ಇವೆ. ಕಾಂಪೊನೆಂಟ್ ಒಳಗೇ ಈಗಿನ ಸಮಯ ಕೇಳಿ, ಅದನ್ನು ಕನ್ನಡ ಲೊಕೇಲ್‌ನಲ್ಲಿ (ಭಾಷೆ, ಪ್ರದೇಶದ ಸೆಟ್ಟಿಂಗ್) ಬರೆಸಿರುತ್ತಾರೆ, ನೋಡಿ. ನೋಡ್‌ನ ಹಳೇ ಆವೃತ್ತಿಗಳ ಒಳಗೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆಯ ತಿಂಗಳ ಹೆಸರುಗಳೇ ಇರಲಿಲ್ಲ. ಜಾಗ ಉಳಿಸಲು, ಭಾಷೆಗಳ ಮಾಹಿತಿ ಇರುವ ಐಸಿಯು ಲೈಬ್ರರಿಯ ಸಣ್ಣ ರೂಪವನ್ನು ಕೊಡುತ್ತಿದ್ದರು. ಕನ್ನಡ ಕೇಳಿದರೂ ತಕರಾರಿಲ್ಲದೆ ಇಂಗ್ಲಿಷ್ ಕೊಡುತ್ತಿತ್ತು. 2019ರಲ್ಲಿ ಬಂದ ನೋಡ್ 13ರಿಂದ ಎಲ್ಲ ಭಾಷೆಯೂ ಜೊತೆಗೇ ಬರುತ್ತೆ. ನಿಮ್ಮದು 4. ಅದೇ ಕಾರಣಕ್ಕೆ ಒಂದು ಲಕ್ಷವನ್ನು ನಮ್ಮ ಪದ್ಧತಿಯಲ್ಲಿ ಬರೆಯಪ್ಪಾ ಅಂದರೂ ಸರ್ವರ್ 100,000 ಅನ್ನುತ್ತೆ, ಬ್ರೌಸರ್ 1,00,000 ಅನ್ನುತ್ತೆ. ಕಾಮಾ ಒಂದು ಜಾಗ ಆಚೀಚೆ ಆದರೂ ಚೆಕ್‌ಸಮ್ ಹೋಯಿತು.

ಇನ್ನೊಂದು ರೋಗ ಗಡಿಯಾರದ್ದು. ಸರ್ವರ್ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಓಡುತ್ತಿರುತ್ತೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ನಮ್ಮ ರಾತ್ರಿ ಹನ್ನೆರಡರಿಂದ ಬೆಳಗ್ಗೆ ಐದೂವರೆವರೆಗೆ ಸರ್ವರ್‌ಗೆ ಇನ್ನೂ ನಿನ್ನೆ. ಬೈದ ರೈತರೆಲ್ಲ ಐದೂವರೆ ಒಳಗೇ ಫೋನ್ ಮಾಡಿದ್ದಾರೋ ಇಲ್ಲವೋ ನೋಡಿ.

ಸರ್ವರ್‌ನ ಟೈಮ್ ಝೋನ್ ಬದಲಿಸಿದರೆ ಆಯಿತಲ್ಲ ಅನ್ನಿಸಬಹುದು. ಅರ್ಧ ಆಗುತ್ತೆ. ದುಬೈನಲ್ಲಿ ಕೂತು ಊರಿನ ಧಾರಣೆ ನೋಡುವ ಮಗನ ಫೋನ್‌ನಲ್ಲಿ ಮತ್ತೆ ತಪ್ಪುತ್ತೆ. ಸರಿಯಾದ ದಾರಿ ಅಂದರೆ ಕಾಂಪೊನೆಂಟ್ ತಾನಾಗಿ ಗಡಿಯಾರ ನೋಡಲೇಬಾರದು. ಸರ್ವರ್ ಒಮ್ಮೆ ನಮ್ಮ ಸಮಯಕ್ಕೆ ತಾರೀಖು ಲೆಕ್ಕ ಹಾಕಿ, ಹನ್ನೆರಡು ತಿಂಗಳ ಹೆಸರಿನ ಒಂದು ಪಟ್ಟಿಯಿಂದ ಕನ್ನಡದ ಹೆಸರು ತೆಗೆದು, ಬರೆದ ಅಕ್ಷರವಾಗಿಯೇ ಕಳಿಸಲಿ. ಧಾರಣೆಯ ಡೇಟಾ ಹೇಗೂ ಪುಟದ ಕೆಳಗೆ ಜೇಸನ್ ಆಗಿ, ಅಂದರೆ ಜಾವಾಸ್ಕ್ರಿಪ್ಟ್ ಓದಬಲ್ಲ ಪಠ್ಯವಾಗಿ, ಹೋಗುತ್ತಿರುತ್ತೆ, ಅದರ ಜೊತೆಗೇ ಇದೂ ಹೋಗಲಿ. ಬ್ರೌಸರ್ ಅದನ್ನೇ ಓದಿ ಅದನ್ನೇ ಬರೆಯುತ್ತೆ. ರ‍್ಯಾಂಡಮ್ ಅಂಕಿ ಇದ್ದರೂ ಇದೇ ಮದ್ದು. ಸ್ಕ್ರೀನ್ ಅಗಲದಂತೆ ಬ್ರೌಸರ್‌ಗೆ ಮಾತ್ರ ಗೊತ್ತಿರುವ ವಿಷಯ ಇದ್ದರೆ ಅದನ್ನು ಪುಟ ಬ್ರೌಸರ್‌ನಲ್ಲಿ ಕೂತ ಮೇಲೆ ಓಡುವ ಕಾಂಪೊನೆಂಟ್‌ಡಿಡ್‌ಮೌಂಟ್ ಒಳಗೆ ಇಡಿ. ಅದು ಸರ್ವರ್‌ನಲ್ಲಿ ಓಡುವುದೇ ಇಲ್ಲ. ಅದಕ್ಕೂ ಮುಂಚೆ ಬರುವ ಕಾಂಪೊನೆಂಟ್‌ವಿಲ್‌ಮೌಂಟ್ ಎರಡು ಕಡೆಯೂ ಓಡುತ್ತೆ. ಅಲ್ಲಿ ಬ್ರೌಸರ್‌ನಲ್ಲಿ ಮಾತ್ರ ಇರುವ ವಿಂಡೋ ಆಬ್ಜೆಕ್ಟ್ ಮುಟ್ಟಿದರೆ ಸರ್ವರ್‌ನಲ್ಲಿ ಎರರ್ ಹೊಡೆಯುತ್ತೆ.

ಇಷ್ಟು ಕಷ್ಟ ಯಾಕೆ ಪಟ್ಟರು ಅಂತ ಕೇಳಿದಿರಲ್ಲ. ಇದಕ್ಕೂ ಮುಂಚೆ ನಾವು ಪ್ರತಿ ಟೆಂಪ್ಲೇಟ್ ಎರಡು ಸಲ ಬರೆಯುತ್ತಿದ್ದೆವು. ಮೊದಲ ಪುಟಕ್ಕೆ ಪಿಎಚ್‌ಪಿಯಲ್ಲಿ ಒಂದು, "ಇನ್ನಷ್ಟು ತೋರಿಸು" ಒತ್ತಿದಾಗ ಬರುವ ಸಾಲುಗಳಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಇನ್ನೊಂದು. ನಾನು ಪಿಎಚ್‌ಪಿಯಲ್ಲಿ ಕ್ವಿಂಟಲ್ ಅಂತ ಬರೆದಿದ್ದೆ, ಜೊತೆಯವನು ಜಾವಾಸ್ಕ್ರಿಪ್ಟ್‌ನಲ್ಲಿ ಕ್ವಿಂಟಾಲ್ ಅಂತ ಬರೆದಿದ್ದ. ಮೊದಲ ಇಪ್ಪತ್ತು ಸಾಲು ಕ್ವಿಂಟಲ್, ಆಮೇಲೆಲ್ಲ ಕ್ವಿಂಟಾಲ್. ಆರು ತಿಂಗಳು ಯಾರೂ ನೋಡಿರಲಿಲ್ಲ.

ಇನ್ನೊಂದು ದಾರಿ ನಿಮ್ಮ ಸರ್ ಹೇಳುವುದು: ಎಲ್ಲವನ್ನೂ ಬ್ರೌಸರ್‌ಗೇ ಬಿಡುವುದು. ಟ್ವಿಟರ್ 2010ರಲ್ಲಿ ಅದನ್ನೇ ಮಾಡಿತು. ಯುಆರ್‌ಎಲ್‌ನಲ್ಲಿ ಒಂದು ಹ್ಯಾಶ್, ಒಂದು ಆಶ್ಚರ್ಯಸೂಚಕ ಚಿಹ್ನೆ ಇರುತ್ತಿತ್ತು, ನೆನಪಿದೆಯಾ? ಜಾವಾಸ್ಕ್ರಿಪ್ಟ್ ಇಳಿದು, ಓಡಿ, ಡೇಟಾ ಕೇಳಿ ತರುವ ತನಕ ಖಾಲಿ ಪುಟ. 2012ರ ಮೇ ತಿಂಗಳಲ್ಲಿ ಅವರೇ ವಾಪಸ್ ಸರ್ವರ್‌ಗೆ ಬಂದರು. ಮೊದಲ ಟ್ವೀಟ್ ಕಣ್ಣಿಗೆ ಬೀಳುವ ಸಮಯ ಐದನೇ ಒಂದು ಭಾಗಕ್ಕೆ ಇಳಿಯಿತು ಅಂತ ತಾವೇ ಬರೆದುಕೊಂಡರು. 2013ರಲ್ಲಿ ಏರ್‌ಬಿಎನ್‌ಬಿಯವರು ರೆಂಡರ್ ಅಂತ ಒಂದು ಲೈಬ್ರರಿ ಬಿಟ್ಟರು. ಬ್ಯಾಕ್‌ಬೋನ್ ಅನ್ನುವ ಬ್ರೌಸರ್ ಲೈಬ್ರರಿಯ ಕೋಡ್ ಅನ್ನೇ ನೋಡ್ ಮೇಲೂ ಓಡಿಸುವುದು. ನಾವು ಅದನ್ನು ತಂದು ಹಾಕಿ ಎರಡು ತಿಂಗಳು ಒದ್ದಾಡಿದೆವು. ಅದೇ ವರ್ಷ ಮೇನಲ್ಲಿ ಫೇಸ್‌ಬುಕ್ ರಿಯಾಕ್ಟ್ ಹೊರಗೆ ಬಿಟ್ಟಿತು. ಅದು ಪುಟದ ಮರವನ್ನು ಮೊದಲು ಮೆಮರಿಯಲ್ಲಿ ಕಟ್ಟಿಕೊಳ್ಳುತ್ತೆ, ನಿಜವಾದ ಪುಟವನ್ನು ಆಮೇಲೆ ಮುಟ್ಟುತ್ತೆ. ಹಾಗಾಗಿ ಬ್ರೌಸರ್ ಇಲ್ಲದಿದ್ದರೂ ಕೆಲಸ ನಡೆಯುತ್ತೆ. ಮರ ಕಟ್ಟಿ ಸ್ಟ್ರಿಂಗ್ ಮಾಡಿ ಕೊಡುವ ಫಂಕ್ಷನ್ ಮೊದಲ ದಿನಗಳಿಂದಲೇ ಇತ್ತು. 2014ರಲ್ಲಿ 0.12 ಬಂದಾಗ ಅದರ ಹೆಸರು ಚಿಕ್ಕದಾಗಿ ರೆಂಡರ್‌ಟುಸ್ಟ್ರಿಂಗ್ ಆಯಿತು. 2015ರ ಅಕ್ಟೋಬರ್‌ನ 0.14ರಲ್ಲಿ ರಿಯಾಕ್ಟ್-ಡಾಮ್ ಅಂತ ಬೇರೆ ಪ್ಯಾಕೇಜ್ ಆಗಿ, ಅದರ ಸರ್ವರ್ ಭಾಗಕ್ಕೆ ಹೋಯಿತು. ನಿಮ್ಮ ಕೈಯಲ್ಲಿರುವುದು ಅದೇ.

ಒಂದು ಸಲ ನಾನೇ ಬಿದ್ದ ಗುಂಡಿ ಹೇಳುತ್ತೇನೆ. ಬರೀ ಇಂಗ್ಲಿಷ್ ಸೈಟ್ ಮಾಡುವವರಿಗೆ ಸಿಗದ ಗುಂಡಿ ಇದು. 2014ರಲ್ಲಿ ಎಕ್ಸ್‌ಪ್ರೆಸ್ ಯಾಕೆ ಬೇಕು ಅಂತ ಹುರುಪಿನಲ್ಲಿ ನೋಡ್‌ನ ಬರೀ ಎಚ್‌ಟಿಟಿಪಿ ಸರ್ವರ್ ಬರೆದೆ. ರಿಯಾಕ್ಟ್ ಕೊಟ್ಟ ಸ್ಟ್ರಿಂಗ್‌ನ ಉದ್ದ ಅಳೆದು, ಎಷ್ಟು ಬೈಟ್ ಬರುತ್ತೆ ಅಂತ ಬ್ರೌಸರ್‌ಗೆ ಹೇಳುವ ಕಂಟೆಂಟ್-ಲೆಂಗ್ತ್ ಹೆಡರ್‌ಗೆ ಹಾಕಿದೆ. ಇಂಗ್ಲಿಷ್ ಪುಟ ಬೆಣ್ಣೆಯ ಹಾಗೆ ಬಂತು. ಕನ್ನಡ ಪುಟ ಹಾಕಿದ ದಿನ ಹೊನ್ನಾಳಿಯಿಂದ ಒಬ್ಬರು ಫೋನ್ ಮಾಡಿದರು. "ಸರ್, ನಮ್ಮೂರು ಇಲ್ಲ." ಊರುಗಳು ಅಕಾರಾದಿಯಲ್ಲಿದ್ದವು: ಚನ್ನಗಿರಿ, ಜಗಳೂರು, ದಾವಣಗೆರೆ, ಹರಿಹರ, ಹೊನ್ನಾಳಿ. ಹರಿಹರದ ಸಾಲು ಅರ್ಧಕ್ಕೆ ನಿಂತಿತ್ತು, ಹೊನ್ನಾಳಿ ಇರಲೇ ಇಲ್ಲ. ಡೇಟಾಬೇಸ್ ನೋಡಿದೆ, ಇದೆ. ಕಾಂಪೊನೆಂಟ್ ನೋಡಿದೆ, ಸರಿ ಇದೆ. ಊಟ ಬಿಟ್ಟು ಕೂತೆ.

ಆಗಿದ್ದು ಇಷ್ಟು. ಜಾವಾಸ್ಕ್ರಿಪ್ಟ್ ಸ್ಟ್ರಿಂಗ್ ಉದ್ದ ಕೇಳಿದರೆ ಕನ್ನಡದ ಒಂದು ಅಕ್ಷರವನ್ನು, ಅಂದರೆ ಒಂದು ಯುನಿಕೋಡ್ ಚಿಹ್ನೆಯನ್ನು, ಒಂದು ಅಂತಲೇ ಎಣಿಸುತ್ತೆ. ಪುಟ ಕಳಿಸುವಾಗ ಬಳಸುವ ಯುಟಿಎಫ್-8ರಲ್ಲಿ ಅದೇ ಚಿಹ್ನೆ ಮೂರು ಬೈಟ್. ನಮ್ಮ ಪುಟದಲ್ಲಿ ಸುಮಾರು 20,000 ಚಿಹ್ನೆ ಅಂದುಕೊಳ್ಳಿ, ಅದರಲ್ಲಿ 3,000 ಕನ್ನಡದ್ದು. ನಿಜವಾಗಿ ಕಳಿಸಬೇಕಾದದ್ದು 26,000 ಬೈಟ್. ನಾನು ಬ್ರೌಸರ್‌ಗೆ ಹೇಳಿದ್ದು 20,000. ಅದು ಅಷ್ಟೇ ಓದಿ ಕೈ ತೊಳೆದುಕೊಂಡಿತು. ಕೊನೆಯ 6,000 ಬೈಟ್‌ನಲ್ಲಿ ಹೊನ್ನಾಳಿ ಇತ್ತು, ಜಾವಾಸ್ಕ್ರಿಪ್ಟ್ ಎಳೆಯುವ ಸ್ಕ್ರಿಪ್ಟ್ ಟ್ಯಾಗೂ ಇತ್ತು. ಹಾಗಾಗಿ ಬ್ರೌಸರ್‌ನ ರಿಯಾಕ್ಟ್ ಬಂದು ಸರಿ ಮಾಡುವ ಪ್ರಶ್ನೆಯೇ ಇಲ್ಲ. ಬೈಟ್ ಎಣಿಸುವ ಬಫರ್ ಬೈಟ್‌ಲೆಂಗ್ತ್ ಅಂತ ಒಂದು ಪದ ಬದಲಿಸಿದ ಮೇಲೆ ಹೊನ್ನಾಳಿ ಬಂತು.

ನಿಮ್ಮದು ಎಕ್ಸ್‌ಪ್ರೆಸ್, ಅದು ಸರಿಯಾಗಿ ಎಣಿಸುತ್ತೆ. ಆದರೂ ಬೇರೆ ಸರ್ವರ್‌ನಿಂದ ಧಾರಣೆ ತರುವ ಕೋಡ್ ಒಮ್ಮೆ ನೋಡಿ. ತುಂಡು ತುಂಡಾಗಿ ಬರುವ ಡೇಟಾವನ್ನು ಸುಮ್ನೆ ಒಂದಕ್ಕೊಂದು ಕೂಡಿಸಿದ್ದರೆ, ಮೂರು ಬೈಟ್ ಅಕ್ಷರದ ನಡುವೆ ತುಂಡಾಗಿ ಎಲ್ಲೋ ಒಂದು ಕಡೆ ಪ್ರಶ್ನಾರ್ಥಕ ಚಿಹ್ನೆಯ ಡೈಮಂಡ್ ಕಾಣುತ್ತೆ. ಅದು ದಿನಾ ಬರಲ್ಲ. ಅದೇ ಅದರ ಕಾಟ.

ನಿಮ್ಮ ಸರ್‌ಗೆ ಹೇಳಿ: 5ಜಿ ಇರಬಹುದು, ಜಗಳೂರಿನ ಹೊಲದಲ್ಲಿ ನಿಂತು ನೋಡಲಿ. ಧಾರಣೆ ನೋಡುವವನಿಗೆ ಕ್ಲಿಕ್ ಮಾಡುವುದು ಏನೂ ಇಲ್ಲ, ಒಂದು ಅಂಕಿ ಬೇಕು. ಎಚ್‌ಟಿಎಮ್‌ಎಲ್ ಬಂದರೆ ಅಂಕಿ ಬಂತು. ಇನ್ನೊಂದು, ನಿಮ್ಮ ಲಿಂಕ್ ಓಡಾಡುವುದೆಲ್ಲ ವಾಟ್ಸಾಪ್ ಗುಂಪಿನಲ್ಲಿ. ಅಲ್ಲಿ ಲಿಂಕ್ ಕೆಳಗೆ ಕಾಣುವ ಚಿಕ್ಕ ಕಾರ್ಡ್ ಜಾವಾಸ್ಕ್ರಿಪ್ಟ್ ಓಡಿಸಲ್ಲ. ಶೀರ್ಷಿಕೆ, ಎರಡು ಸಾಲು, ಎಲ್ಲ ಸರ್ವರ್ ಕಳಿಸಿದ ಪುಟದಲ್ಲೇ ಇರಬೇಕು.

ದುರ್ಗದ ಹುಡುಗ

ಗಡಿಯಾರ ಕಂಬದ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಚಿತ್ರದುರ್ಗದವನು. 2015ರಲ್ಲಿ ಒಂದು ಕಂಪನಿಯಲ್ಲಿದ್ದೆ, ಹೆಸರು ಬೇಡ. ಆಗ ಫ್ಲಕ್ಸ್ ಅನ್ನುವ ಪದ್ಧತಿಯ ಕಾಲ, ಪುಟದ ಡೇಟಾ ಇಡುವ ಜಾಗಕ್ಕೆ ಸ್ಟೋರ್ ಅನ್ನುತ್ತಿದ್ದರು. ಸ್ಟೋರ್ ಅಂದರೆ ಫೈಲ್‌ನ ತಲೆಯಲ್ಲಿ ಒಂದೇ ಒಂದು ಆಬ್ಜೆಕ್ಟ್, ಎಲ್ಲರೂ ಅದನ್ನೇ ತರಿಸಿಕೊಳ್ಳುವುದು. ಬ್ರೌಸರ್‌ನಲ್ಲಿ ತೊಂದರೆ ಇಲ್ಲ, ಒಬ್ಬರಿಗೆ ಒಂದು ಬ್ರೌಸರ್. ಸರ್ವರ್‌ನಲ್ಲಿ ಒಂದೇ ಪ್ರೊಸೆಸ್ ಎಲ್ಲರಿಗೂ. ಒಬ್ಬರ ಡೇಟಾ ಬರುವುದನ್ನು ಕಾಯುವಷ್ಟರಲ್ಲಿ ಇನ್ನೊಬ್ಬರ ರಿಕ್ವೆಸ್ಟ್ ಬಂದು ಅದೇ ಸ್ಟೋರ್ ಮೇಲೆ ಬರೆದುಬಿಡುತ್ತೆ. ನಮ್ಮಲ್ಲಿ ಲಾಗಿನ್ ಆದ ಮೇಲೆ ಮೇಲ್ಗಡೆ "ನಮಸ್ಕಾರ" ಅಂತ ಹೆಸರು ಬರುತ್ತಿತ್ತು. ಒಂದು ಸಂಜೆ ಒಬ್ಬರಿಗೆ ಬೇರೆಯವರ ಹೆಸರು, ಅವರ ಬಾಕಿ ಮೊತ್ತದ ಸಮೇತ ಕಾಣಿಸಿತು. ನಾವು ಒಬ್ಬೊಬ್ಬರೇ ಕೂತು ಪರೀಕ್ಷೆ ಮಾಡುವಾಗ ಅದು ಹೇಗೆ ಕಾಣಬೇಕು? ಇಬ್ಬರು ಒಂದೇ ಕ್ಷಣದಲ್ಲಿ ಬಂದರೆ ತಾನೇ.

ಅಕ್ಕ, ನಿಮ್ಮ ಸೈಟ್‌ನಲ್ಲಿ ಲಾಗಿನ್ ಇದ್ದರೆ ಮೊದಲು ಇದನ್ನು ನೋಡಿ. ರಿಕ್ವೆಸ್ಟ್‌ಗೊಂದು ಹೊಸ ಸ್ಟೋರ್ ಮಾಡಬೇಕು. ತಾರೀಖು ಆಮೇಲೆ.

ಆ ಜೇಸನ್ ಅನ್ನು ಸ್ಕ್ರಿಪ್ಟ್ ಟ್ಯಾಗ್ ಒಳಗೆ ಸುರಿಯುವ ಮುಂಚೆ ಕೋನದ ಬ್ರಾಕೆಟ್ ಅನ್ನು ಎಸ್ಕೇಪ್ ಮಾಡಿದ್ದಾರಾ, ಅಂದರೆ ಟ್ಯಾಗ್ ಅಂತ ಓದದ ಹಾಗೆ ಬದಲಿಸಿದ್ದಾರಾ ಅಂತಲೂ ನೋಡಿ. ಯಾರಾದರೂ ಅಂಗಡಿ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಮುಗಿಸುವ ಟ್ಯಾಗ್ ಬರೆದರೆ, ಅದರ ಮುಂದೆ ಬರೆದದ್ದೆಲ್ಲ ನಿಮ್ಮ ಪುಟದಲ್ಲಿ ಓಡುತ್ತೆ.

ಹಳೇ ಪಿಎಚ್‌ಪಿ

ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು. ಎರಡು ಸಲ ತೂಗಿ, ತಾಳೆ ನೋಡಿ, ಸ್ಟೋರ್ ಬೇರೆ ಮಾಡಿ... ಕ್ಲಿಕ್ ಮಾಡುವುದೇ ಏನೂ ಇಲ್ಲ ಅಂತ ನೀವೇ ಹೇಳಿದಿರಿ. ಹಾಗಾದರೆ ರಿಯಾಕ್ಟ್ ಯಾಕೆ ಬೇಕು? ಪಿಎಚ್‌ಪಿ 1995ರಿಂದ ಎಚ್‌ಟಿಎಮ್‌ಎಲ್ ಕಳಿಸುತ್ತಲೇ ಇದೆ.

ಗಡಿಯಾರ ಕಂಬ

ನಿಮ್ಮ ಮಾತು ಮುಕ್ಕಾಲು ಸರಿ ಸರ್. ಇವತ್ತು ಹೊಸದಾಗಿ ಮಾಡುವುದಾದರೆ ಧಾರಣೆ ಪುಟಕ್ಕೆ ನಾನೂ ರಿಯಾಕ್ಟ್ ಹಾಕಲ್ಲ. ಆದರೆ ಇವರ ಸೈಟ್‌ನಲ್ಲಿ ಬೆಳೆ ಆರಿಸಿದರೆ ತಿಂಗಳ ಗ್ರಾಫ್ ಬರುತ್ತೆ, ನಾನು ನೋಡಿದ್ದೇನೆ. ಆ ಭಾಗಕ್ಕೆ ಬೇಕು. ಇರುವುದನ್ನು ಸರಿ ಮಾಡುವುದಕ್ಕೂ ಹೊಸದನ್ನು ಕಟ್ಟುವುದಕ್ಕೂ ವ್ಯತ್ಯಾಸ ಇದೆ ಅಲ್ವಾ.

ದುರ್ಗದ ತಮ್ಮ ಹೇಳಿದ ಸ್ಟೋರ್ ಮಾತು ನಾನು ಮರೆತಿದ್ದೆ. ಅದೇ ಮೊದಲು ನೋಡಬೇಕಾದದ್ದು.

ಮೇಡಂ, ಇನ್ನೆರಡು. ಲೈವ್‌ನಲ್ಲಿ ನೋಡ್ ಎನ್ವಿ ಅನ್ನುವ ಸೆಟ್ಟಿಂಗ್ ಪ್ರೊಡಕ್ಷನ್ ಅಂತ ಇದೆಯಾ? ಸರ್ವರ್‌ನಲ್ಲಿ ಅದನ್ನು ಹಾಕಲು ಮರೆತರೆ ಡೆವಲಪರ್‌ಗಳಿಗಾಗಿ ಇರುವ ತಪಾಸಣೆಗಳೆಲ್ಲ ಪ್ರತಿ ಪುಟಕ್ಕೂ ಓಡುತ್ತವೆ. ಹಾಗೇ ರೆಂಡರ್‌ಟುಸ್ಟ್ರಿಂಗ್ ಶುರುವಾದರೆ ಮುಗಿಯುವ ತನಕ ಬೇರೆ ಯಾರನ್ನೂ ಒಳಗೆ ಬಿಡಲ್ಲ. ಒಂದು ಪುಟಕ್ಕೆ 100 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ ಹತ್ತೇ ಪುಟ. ಹನ್ನೊಂದನೆಯವನು ಕಾಯಬೇಕು, ಭಾನುವಾರ ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಕಾಯುವ ಹಾಗೆ. ಧಾರಣೆ ದಿನಕ್ಕೆ ಎರಡೋ ಮೂರೋ ಸಲ ಬದಲಾಗುತ್ತೆ. ಒಮ್ಮೆ ಬಂದ ಸ್ಟ್ರಿಂಗ್ ಇಟ್ಟುಕೊಂಡು, ಧಾರಣೆ ಬದಲಾದಾಗ, ಮಧ್ಯರಾತ್ರಿ ತಾರೀಖು ತಿರುಗಿದಾಗ ಎಸೆದರೆ ಸಾಕು.

ಮುಂದೆ ಯಾವಾಗಾದರೂ ರಿಯಾಕ್ಟ್ 16ಕ್ಕೆ ಏರಿಸಿದರೆ, 2017ರ ಆ ಆವೃತ್ತಿಯಲ್ಲಿ ಚೆಕ್‌ಸಮ್ ತೆಗೆದು, ಸರ್ವರ್ ಬರೆದ ಪುಟಕ್ಕೆ ಬ್ರೌಸರ್‌ನಲ್ಲಿ ಜೀವ ಕೊಡುವ ಹೈಡ್ರೇಟ್ ತಂದರು. ಚೆಕ್‌ಸಮ್ ಹೋಯಿತು ಅಂತ ಖುಷಿ ಬೇಡ. ಅಕ್ಷರ ಬೇರೆ ಇದ್ದರೆ ಅದು ತೇಪೆ ಹಾಕುತ್ತೆ, ಆದರೆ ಟ್ಯಾಗ್ ಒಳಗಿನ ಲಿಂಕ್ ವಿಳಾಸದಂಥ ಆಟ್ರಿಬ್ಯೂಟ್ ಬೇರೆ ಇದ್ದರೆ ಹಾಗೇ ಬಿಡುತ್ತೆ. ಲಿಂಕ್ ತಪ್ಪಿದ್ದರೆ ತಪ್ಪಾಗಿಯೇ ಇರುತ್ತೆ. ನೆಕ್ಸ್ಟ್‌ನಲ್ಲಿ ಹೈಡ್ರೇಶನ್ ಎರರ್ ನೋಡಿರುತ್ತೀರಲ್ಲ, ಅದು ಇದೇ ತೂಕದ ಜಗಳ. ಹೆಸರು ಮಾತ್ರ ಹೊಸದು.

ಕುಂದವಾಡ ಕೆರೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಇಡೀ ದಿನ ಇದೇ ಮಾಡಿದೆ. ಲಾಗಿನ್ ಅಡ್ಮಿನ್‌ಗೆ ಮಾತ್ರ ಇದೆ, ಅದು ಬೇರೆ ಪುಟ. ಆದರೂ ಸ್ಟೋರ್ ಒಂದೇ ಇತ್ತು. ಸದ್ಯ ಯಾರಿಗೂ ಏನೂ ಸೋರಿಲ್ಲ, ಬೇರೆ ಮಾಡಿದ್ದೇನೆ. ನೋಡ್ ಎನ್ವಿ ಖಾಲಿ ಇತ್ತು! ಹಾಕಿದ ಮೇಲೆ ಸರ್ವರ್‌ನ ಉಸಿರಾಟವೇ ಬದಲಾಯಿತು.

ತಾರೀಖು ಸರ್ವರ್‌ನಿಂದ ಅಕ್ಷರವಾಗಿ ಬರುವ ಹಾಗೆ ಮಾಡಿದೆ. ಕಾಮಾ ಹಾಕಲು ಚಿಕ್ಕ ಫಂಕ್ಷನ್ ನಾನೇ ಬರೆದೆ. ಆದರೂ ಚೆಕ್‌ಸಮ್ ತಾಳೆ ಆಗಲಿಲ್ಲ. ಸಂಜೆ ಆರರವರೆಗೆ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಪುಟದ ಅಡಿಯಲ್ಲಿ: ಕಾಪಿರೈಟ್ ಸಾಲಿನಲ್ಲಿ ಯಾರೋ ಪುಣ್ಯಾತ್ಮರು ಮೊಬೈಲ್‌ಗೆ ಒಂದು, ಕಂಪ್ಯೂಟರ್‌ಗೆ ಒಂದು ಅಂತ ಸ್ಕ್ರೀನ್ ಅಗಲ ನೋಡಿ ಬರೆಸಿದ್ದರು. ವಿಂಡೋ ಇಲ್ಲದಿದ್ದರೆ ಅಗಲ ಸೊನ್ನೆ ಅಂತ ಇಟ್ಟುಕೊಂಡು ಎರರ್ ಬರದ ಹಾಗೆ ಮುಚ್ಚಿದ್ದರು. ಅದನ್ನು ಕಾಂಪೊನೆಂಟ್‌ಡಿಡ್‌ಮೌಂಟ್‌ಗೆ ತಳ್ಳಿದೆ. ಎಚ್ಚರಿಕೆ ಹೋಯಿತು, ಕಣ್ಣು ಮಿಟುಕುವುದೂ ನಿಂತಿತು.

ಇವತ್ತು ಬೆಳಗ್ಗೆ ಐದಕ್ಕೆ ಅಲಾರಾಂ ಇಟ್ಟು ಎದ್ದು ನೋಡಿದೆ. ತಾರೀಖು ಸರಿ ಇದೆ. ಸರ್‌ಗೂ ತೋರಿಸಿದೆ. ಹನ್ನೆರಡು ತಿಂಗಳ ಪಟ್ಟಿ ನೋಡಿ ಅವರು ಒಂದೇ ಪ್ರಶ್ನೆ ಕೇಳಿದರು: ಫೆಬ್ರವರಿಯೋ ಫೆಬ್ರುವರಿಯೋ?

ಗಡಿಯಾರ ಕಂಬ

ಯಾವುದಾದರೂ ಹಾಕಿ ಮೇಡಂ. ಒಂದೇ ಕಡೆ ಇದೆಯಲ್ಲ.